ಮೊದಲ ಕಪ್ಪಿನ ಸಹಿ

ಸೋಮವಾರ, 17 ಮಾರ್ಚ್ 2025

ಇವತ್ತಿನ ದಿನವನ್ನು ಮರೆಯಬಾರದು ಎಂದು ಬರೆಯುತ್ತಿದ್ದೇನೆ. ಸುರಪುರದಲ್ಲಿ ಹತ್ತನೆಯ ಇಯತ್ತೆ ಮುಗಿಸಿದ ಮೇಲೆ ಈ ನಲವತ್ತು ವರ್ಷದಲ್ಲಿ ಕಿರಾಣಿ ಚೀಟಿ ಬಿಟ್ಟು ನಾನು ಏನನ್ನೂ ಬರೆದವಳಲ್ಲ. ಆದರೆ ಅವಮಾನವೂ ಅನ್ನದ ಹಾಗೆ, ನಾಲ್ಕು ದಿನ ಬಿಟ್ಟರೆ ಹಳಸುತ್ತದೆ. ಹಳಸಲು ಬಿಡಬಾರದು.

ಚಹಾದ ಅಂಗಡಿ ನನ್ನ ಹೆಸರಿನಲ್ಲಿದೆ. ಹೊಲ ನನ್ನ ಹೆಸರಿನಲ್ಲಿದ್ದುದರಿಂದ ಮಗ ಅಂಬ್ರಪ್ಪ ಕಂಪನಿಯ ಜೊತೆಗಿನ ಕರಾರನ್ನೂ ನನ್ನ ಹೆಸರಿನಲ್ಲಿಯೇ ಮಾಡಿಸಿದ. ಶಹಾಪುರದ ಬಸ್ ಸ್ಟ್ಯಾಂಡಿನ ಎದುರು 'ಹೊನ್ನಹಬೆ ಚಹಾ' ಎಂಬ ಬೋರ್ಡು. ಅಂಥದೇ ಬೋರ್ಡು ನಲವತ್ತು ಊರುಗಳಲ್ಲಿ ಇದೆಯಂತೆ. ಚಹಾಪುಡಿ ಅವರದು, ಕಪ್ಪು ಅವರದು, ಗೋಡೆಯ ಬಣ್ಣವೂ ಅವರು ಹೇಳಿದ್ದೇ. ಜಾಗ ನಮ್ಮದು, ಅಡವಿಟ್ಟ ಹೊಲ ನಮ್ಮದು.

ಅಂಬ್ರಪ್ಪನ ಲೆಕ್ಕ ಸುಲಭವಿತ್ತು. ಮ್ಯಾನೇಜರ್ ಅಂಗಡಿ ನಡೆಸಬೇಕು, ತಾನು ಯಾದಗಿರಿಯಲ್ಲಿ ಜೆಸಿಬಿ ನೋಡಿಕೊಂಡಿರಬೇಕು, ನಾನು ದೋರನಹಳ್ಳಿಯ ಮನೆಯಲ್ಲಿ ಕೂತಿರಬೇಕು. ಕರಾರಿನ ಹನ್ನೊಂದನೆಯ ಕಲಮನ್ನು ಅವನು ಓದಿರಲಿಲ್ಲ. ಯಾರ ಹೆಸರಿನಲ್ಲಿ ಅಂಗಡಿ ಇದೆಯೋ ಅವರೇ ದಿನಾ ನಾಲ್ಕು ತಾಸು ಅಂಗಡಿಯಲ್ಲಿರಬೇಕು. ಕಂಪನಿಯ ತರಬೇತಿ ಮುಗಿಸಿದ ಮ್ಯಾನೇಜರ್ ಶಟರ್ ತೆಗೆದಾಗಿನಿಂದ ಮುಚ್ಚುವವರೆಗೆ ಇರಬೇಕು. ಬೆಳಿಗ್ಗೆ ಮ್ಯಾನೇಜರ್ ಮಾಡಿದ ಮೊದಲ ಚಹಾ ಮತ್ತು ಬಾದಾಮಿ ಹಾಲನ್ನು ಮಾಲಕರು ಕುಡಿದು, ರುಚಿ ಪುಸ್ತಕದಲ್ಲಿ ಸಹಿ ಹಾಕಿದ ಮೇಲೆಯೇ ಗಿರಾಕಿಗೆ ಕೊಡಬೇಕು. ಹೋದ ತಿಂಗಳು ಕಂಪನಿಯವರು ಬಂದು ಮಾಲಕರು ಎಲ್ಲಿ ಎಂದು ಕೇಳಿದಾಗ ಯಾರಿಗೂ ಗೊತ್ತಿರಲಿಲ್ಲ. ಎಚ್ಚರಿಕೆ ಪತ್ರ ಬಂತು. ಅಂಥ ಮೂರು ಬಂದರೆ ಅಂಗಡಿ ರದ್ದು, ಹೊಲಕ್ಕೂ ಕುತ್ತು.

ಅದಕ್ಕೇ ಇವತ್ತು ಹೋದೆ. ಮನೆಯ ಆಳು ಮಲ್ಕಪ್ಪನನ್ನೂ ಪಾತ್ರೆ ತೊಳೆಯಲು ಇರಲಿ ಎಂದು ಕರೆದುಕೊಂಡು ಹೋದೆ.

ಮ್ಯಾನೇಜರ್ ಹೆಣ್ಣು ಎಂದು ಮಗ ಹೇಳಿದ್ದ. ಯಾರ ಮಗಳು ಎಂದು ಹೇಳಿರಲಿಲ್ಲ. ನಮ್ಮೂರಿನ ಮೋನಮ್ಮನ ಮಗಳು, ಪರಿಮಳಾ! ಮೋನಮ್ಮ ಇಪ್ಪತ್ತು ವರ್ಷ ನಮ್ಮ ಹೊಲದಲ್ಲಿ ಕಳೆ ತೆಗೆದವಳು. ಅಂಗಳದ ಹೊರಗೆ ನಿಂತು ಸೆರಗೊಡ್ಡಿ ರೊಟ್ಟಿ ಇಸಿದುಕೊಳ್ಳುತ್ತಿದ್ದಳು. ಈಗ ಅವರ ಓಣಿಯವರೆಲ್ಲ ಮನೆಯಲ್ಲಿ ಬುದ್ಧನ ಫೋಟೋ ಹಾಕಿಕೊಂಡಿದ್ದಾರೆ. ಹಾಕಿಕೊಳ್ಳಲಿ, ನನಗೇನು.

"ನಮಸ್ಕಾರ ಮೇಡಂ" ಎಂದಳು. ಅವಳ ತಾಯಿ ನನ್ನನ್ನು ಅವ್ವಾರ ಎನ್ನುತ್ತಿದ್ದಳು. "ಮೊದಲ ಕೈ ತೊಳ್ಕೋರಿ, ಸಾಬೂನ ಅಲ್ಲಿ ಅದ. ಆಮ್ಯಾಲ ಈ ಟೊಪಗಿ ಹಾಕ್ಕೋರಿ."

"ತಲಿಮ್ಯಾಲ ಸೆರಗ ಅದ. ಸಾಕು."

"ಸೆರಗ ನಡಿಯಂಗಿಲ್ರಿ. ಚಾದಾಗ ಒಂದ್ ಕೂದಲ ಬಿತ್ತಂದ್ರ ನನ್ನ ಕೆಲಸ ಹೋಗ್ತದ."

ಬಾಕಿನ ಮೇಲೆ ನಮ್ಮೂರಿನ ಇಬ್ಬರು ಕೂತಿದ್ದರು. ಒಬ್ಬ ಇನ್ನೊಬ್ಬನ ತೊಡೆ ತಟ್ಟಿದ. "ಗೌಡಸಾನಿಗಿ ಕೈ ತೊಳ್ಕೋ ಅಂದಳಲೇ! ಇನ್ನ ನಾವು ಮೈ ತೊಳ್ಕೊಂಡ ಬರಬೇಕು."

ಕೈ ತೊಳೆದೆ. ಟೊಪ್ಪಿಗೆ ಹಾಕಿಕೊಂಡು ನಾಲ್ಕು ತಾಸು ಕೂತು ಬಂದೆ. ಇವಳನ್ನು ಈ ಅಂಗಡಿಯಿಂದ ಹೊರಗೆ ಹಾಕುತ್ತೇನೆ. ಬರೀ ಹೊರಗಲ್ಲ, ಮತ್ತೆಲ್ಲೂ ಕೆಲಸ ಸಿಗಬಾರದು, ಹಾಗೆ ಹಾಕುತ್ತೇನೆ. ಇಲ್ಲದಿದ್ದರೆ ನಾನು ಬಸಲಿಂಗಮ್ಮ ಅಲ್ಲ.

ಮಂಗಳವಾರ, 18 ಮಾರ್ಚ್

ಏಳಕ್ಕೆ ಸ್ವಲ್ಪ ಮೊದಲು ಅವಳು ಚಹಾ ಸೋಸಿ ನನ್ನ ಮುಂದೆ ಇಟ್ಟಳು. ಪಕ್ಕದಲ್ಲಿ ಬಾದಾಮಿ ಹಾಲಿನ ಕಪ್ಪು, ರುಚಿ ಪುಸ್ತಕ, ದಾರ ಕಟ್ಟಿದ ಪೆನ್ನು.

"ಕುಡದ ನೋಡ್ರಿ ಮೇಡಂ. ಬರೋಬ್ಬರಿ ಇದ್ರ ಸಹಿ ಹಾಕ್ರಿ."

"ಇಡು ಅಲ್ಲಿ."

ನಮ್ಮ ಮನೆಯಲ್ಲಿ ಯಾರೂ ಅವರ ಕೈಯ ನೀರು ಕುಡಿದಿಲ್ಲ. ನಮ್ಮ ಅತ್ತೆ ಕುಡಿಯಲಿಲ್ಲ, ನಾನೂ ಕುಡಿಯುವುದಿಲ್ಲ. ಅಂಬ್ರಪ್ಪನಂಥವರು ಹೋಟೆಲಿನಲ್ಲಿ ಯಾರು ಕುದಿಸಿದ್ದು ಎಂದು ಕೇಳದೆ ಕುಡಿಯುತ್ತಾರೆ, ಅದು ಬೇರೆ. ಯಾರ ಕೈಯದು ಎಂದು ಕಣ್ಣಾರೆ ನೋಡಿ ಕುಡಿಯುವುದು ಬೇರೆ. ಅವಳು ಶಟರಿನ ಕಡೆ ಹೋದಾಗ ಎರಡೂ ಕಪ್ಪನ್ನು ಮಲ್ಕಪ್ಪನಿಗೆ ಕೊಟ್ಟೆ. ಅವನು ಗಟಗಟ ಕುಡಿದು ಬಾಯಿ ಒರೆಸಿಕೊಂಡ. 'ರುಚಿ ನೋಡಿದೆ, ಸರಿ ಇದೆ' ಎಂದು ಬರೆದು ಸಹಿ ಹಾಕಿದೆ. ನನ್ನ ಅಕ್ಷರ ಈಗಲೂ ದುಂಡಗಿದೆ.

ಅವಳು ತಿರುಗಿ ಬಂದು ಖಾಲಿ ಕಪ್ಪು ನೋಡಿದಳು, ಮಲ್ಕಪ್ಪನ ಮೀಸೆ ನೋಡಿದಳು. ಪುಸ್ತಕ ಮುಚ್ಚಿ ಕಪ್ಪು ಎತ್ತಿಕೊಂಡು ಹೋದಳು.

ಸೋಮವಾರ, 24 ಮಾರ್ಚ್

ದಾರಿ ಸಿಕ್ಕಿತು. ಮಾಲಕರು ನಾಲ್ಕು ತಾಸು ಇರಬೇಕು ಎಂದು ಬರೆದವರು ಎಂಟು ತಾಸು ಇರಬಾರದು ಎಂದು ಬರೆದಿಲ್ಲ. ಇನ್ನು ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರುತ್ತೇನೆ. ಮ್ಯಾನೇಜರ್ ಕಣ್ಣಿಗೆ ಬೀಳದ ಪ್ರತಿ ನಿಮಿಷವನ್ನೂ ಬರೆದಿಡುತ್ತೇನೆ. ಹಗ್ಗ ಅವರದೇ, ಬಿಗಿಯುವವಳು ನಾನು.

ಇವತ್ತಿನದು: ಹನ್ನೊಂದು ಹತ್ತರಿಂದ ಹನ್ನೊಂದು ಹದಿನಾಲ್ಕು, ಪಾಯಖಾನೆ. ಮೂರು ಐದಕ್ಕೆ ಫೋನು, ಒಂದು ನಿಮಿಷ, ತಾಯಿಯ ಜೊತೆ. ಅಷ್ಟೇ. ಊಟವನ್ನೂ ನಿಂತೇ ಮಾಡಿದಳು.

ಗಲ್ಲೆಯಲ್ಲಿ ಗುಲಫಶಾ ಎಂಬ ಹುಡುಗಿ ಇದ್ದಾಳೆ. ಬಾಯಿ ನಿಲ್ಲುವುದಿಲ್ಲ. "ದಾದಿಮಾ, ನೀವು ಪರಿಮಳಕ್ಕಾಗ ನೋಡಿದಂಗ ಬಸ್ ನೋಡಿದ್ರ ಈ ಸ್ಟ್ಯಾಂಡಿನಾಗ ಒಂದ್ ಗಾಡಿನೂ ಲೇಟ್ ಆಗ್ತಿದ್ದಿಲ್ಲ."

"ನಾ ನಿನ್ನ ದಾದಿಮಾ ಅಲ್ಲ. ರೊಕ್ಕ ಎಣಸು."

ಬುಧವಾರ, 2 ಏಪ್ರಿಲ್

ಹಾಲಿನ ಗಾಡಿಯವನು ಮೂರು ಕ್ಯಾನ್ ಇಳಿಸಿದ. ಎರಡನೆಯದರಲ್ಲಿ ಬೆರಳದ್ದಿ ಉಗುರಿನ ಮೇಲೆ ಹನಿ ಹಾಕಿ ನೋಡಿದೆ. ನಿಲ್ಲಲಿಲ್ಲ, ಜಾರಿತು.

"ಇದರಾಗ ನೀರ ಅದ. ವಾಪಸ್ ಒಯ್ಯಿ."

"ಗೌಡಸಾನ್ಯಾರ, ದೇವರ ಆಣಿ..."

"ದೇವರಿಗಿ ನೀರಿನ ಅಭಿಷೇಕ ಮಾಡು, ನನಗ ಹಾಲ ಕೊಡು."

ಮೋನಮ್ಮನ ಮಗಳು ಹಾಲು ಅಳೆಯುವ ಗಾಜಿನ ಕೊಳವೆ ತಂದು ಕ್ಯಾನಿನಲ್ಲಿ ತೇಲಿಬಿಟ್ಟಳು. ಕೊಳವೆಯೂ ನನ್ನ ಮಾತನ್ನೇ ಹೇಳಿತು. ಅವಳು ಕೊಳವೆ ನೋಡಿದಳು, ನನ್ನ ಬೆರಳು ನೋಡಿದಳು. "ಖರೇನ ಮೇಡಂ. ತರಬೇತ್ಯಾಗ ಇದನ್ನ ಕಲಿಸಿಲ್ಲ" ಎಂದಳು.

ಹೊಗಳಿಕೆ ನನಗೆ ಬೇಕಿಲ್ಲ. ಅವಳಿಗಿಂತ ನನಗೆ ಹೆಚ್ಚು ಗೊತ್ತು ಎಂದು ಗಾಡಿಯವನ ಮುಂದೆ ತೋರಿಸಬೇಕಿತ್ತು, ತೋರಿಸಿದೆ. ನಾಳೆಯಿಂದ ಮೂರೂ ಕ್ಯಾನ್ ನಾನೇ ನೋಡುತ್ತೇನೆ.

ಗುರುವಾರ, 17 ಏಪ್ರಿಲ್

ತಿಂಗಳಾಯಿತು. ಇಷ್ಟು ಪುಟ ಬರೆದರೂ ಒಂದು ತಪ್ಪು ಸಿಕ್ಕಿಲ್ಲ. ಇಷ್ಟು ಸರಿ ಇರುವವರನ್ನು ನಂಬಬಾರದು.

ಶುಕ್ರವಾರ, 2 ಮೇ

ಮಧ್ಯಾಹ್ನ ಗಿರಾಕಿ ಕಡಿಮೆ. ಬಿಸಿಲಿಗೆ ಬಸ್ ಸ್ಟ್ಯಾಂಡಿನ ನಾಯಿಯೂ ಏಳುತ್ತಿಲ್ಲ. ಅಂಗಡಿಯಲ್ಲಿ ಕೂತೇ ಬರೆಯುತ್ತಿದ್ದೇನೆ.

ನಿನ್ನೆ ಸಂಜೆಯಿಂದ ಕರೆಂಟ್ ಇರಲಿಲ್ಲ. ಬೆಳಿಗ್ಗೆ ಬಂದಾಗ ಫ್ರಿಜ್ಜಿನಲ್ಲಿದ್ದ ಹನ್ನೆರಡು ಲೀಟರ್ ಹಾಲು ಬೆಚ್ಚಗಾಗಿತ್ತು.

"ಇದನ್ನ ಚೆಲ್ಲೂದ್ರಿ" ಎಂದಳು ಅವಳು.

"ಶುಕ್ರವಾರ ಹಾಲ ಚೆಲ್ತಾರೇನ? ಯಾವ ಮನ್ಯಾಗ ಬೆಳದೀ ನೀನು?"

"ಫ್ರಿಜ್ ಬಂದ್ ಇದ್ರ ಚೆಲ್ಲಬೇಕಂತ ಬರದಾರ. ವಾರ ಯಾವುದಂತ ಬರದಿಲ್ರಿ."

ಇಷ್ಟು ಹೇಳಿ ಹೊಸ ಹಾಲು ಇಳಿಸಿಕೊಳ್ಳಲು ಹೊರಗೆ ಹೋದಳು. ಹಾಲು ಚೆಲ್ಲಿದ ಮನೆಗೆ ಏಳಿಗೆ ಇಲ್ಲ. ನಮ್ಮ ಅತ್ತೆ ಒಲೆಯ ಮೇಲೆ ಹಾಲು ಉಕ್ಕಿದರೂ ಆ ಜಾಗಕ್ಕೆ ಕುಂಕುಮ ಹಚ್ಚುತ್ತಿದ್ದರು. ಮೂಸಿ ನೋಡಿದೆ, ಅಂಥದೇನೂ ಇರಲಿಲ್ಲ. ಮಲ್ಕಪ್ಪನಿಗೆ ಹೇಳಿ ಬಾದಾಮಿ ಹಾಲಿನ ಪಾತ್ರೆಗೆ ಹಾಕಿಸಿ, ಮೇಲೆ ಹೊಸ ಹಾಲು ಸುರಿಸಿದೆ. ಚೆಲ್ಲಿದೆ ಎಂದು ಅವಳಿಗೆ ಹೇಳು ಎಂದೆ. ಹೇಳಿದ. ಅವಳು ಅದನ್ನೇ ಕಾಯಿಸಿ ಸಕ್ಕರೆ, ಏಲಕ್ಕಿ, ಬಾದಾಮಿ ಹಾಕಿದಳು. ಗೊತ್ತೇ ಆಗಲಿಲ್ಲ. ಇದು ಇಪ್ಪತ್ತೊಂದು ದಿನದ ತರಬೇತಿ!

ಎಂದಿನಂತೆ ಕಪ್ಪು ತಂದಿಟ್ಟಳು. ಎಂದಿನಂತೆ ಮಲ್ಕಪ್ಪ ಕುಡಿದ, ನಾನು ಸಹಿ ಹಾಕಿದೆ.

ಶನಿವಾರ, 3 ಮೇ

ನಿನ್ನೆ ನಾಲ್ಕು ಗಂಟೆಯ ಹೊತ್ತಿಗೆ ಸುರಪುರಕ್ಕೆ ಹೋಗುವ ಮದುವೆಯ ಮಂದಿ ಬಂದು ಬಾದಾಮಿ ಹಾಲು ಕುಡಿದರು. ಬಸ್ಸು ಊರ ಹೊರಗೆ ಹೋಗುವಷ್ಟರಲ್ಲಿ ವಾಂತಿ ಶುರುವಾಯಿತಂತೆ. ಹನ್ನೊಂದು ಜನ. ಒಬ್ಬ ಮುದುಕಿಗೂ ಒಂದು ಕೂಸಿಗೂ ಸಲೈನ್ ಹಚ್ಚಬೇಕಾಯಿತು. ಇವತ್ತು ಎಲ್ಲರೂ ಮನೆಗೆ ಹೋಗಿದ್ದಾರೆ. ಮೊದಲು ಅದನ್ನೇ ವಿಚಾರಿಸಿದೆ.

ಕಂಪನಿಯಿಂದ ಫೋನು ಬಂತು. ಬೆಳಿಗ್ಗೆ ಮಾಲಕರು ರುಚಿ ನೋಡಿದ್ದರೇ ಎಂದು ಕೇಳಿದರು. ಅಂಬ್ರಪ್ಪ ಯಾದಗಿರಿಯಿಂದ ಓಡಿ ಬಂದ. "ಯವ್ವಾ, ನೋಡಿಲ್ಲ ಅಂದ್ರ ನಮ್ಮ ತಪ್ಪ ಆಗ್ತದ. ನೋಡೀನಿ, ಚೊಲೋ ಇತ್ತು ಅಂತ ಬರಿ. ಆಮ್ಯಾಲಿಂದು ಮ್ಯಾನೇಜರ್ ತಪ್ಪು."

ಒಂದೂವರೆ ತಿಂಗಳು ಹುಡುಕಿದ್ದು ತಾನಾಗಿ ಕಾಲ ಬಳಿ ಬಂದು ಬಿತ್ತು. ನನ್ನ ಕೈಯಿಂದಲೇ ಬರೆದೆ. 'ಬೆಳಿಗ್ಗೆ ಏಳು ಗಂಟೆಗೆ ಮ್ಯಾನೇಜರ್ ಕೊಟ್ಟ ಚಹಾ ಮತ್ತು ಬಾದಾಮಿ ಹಾಲನ್ನು ನಾನೇ ಕುಡಿದು ನೋಡಿದ್ದೇನೆ. ಆಗ ಚೆನ್ನಾಗಿತ್ತು. ಆಮೇಲೆ ಮ್ಯಾನೇಜರ್ ಸರಿಯಾಗಿ ನೋಡಿಕೊಳ್ಳಲಿಲ್ಲ.'

ಹಳೆಯ ಹಾಲಿನ ವಿಷಯವನ್ನು ಯಾರೂ ಕೇಳಲಿಲ್ಲ. ಕೇಳದ ಮಾತಿಗೆ ಉತ್ತರ ಕೊಡುವುದು ನನ್ನ ಪದ್ಧತಿಯಲ್ಲ.

ಸೋಮವಾರ, 5 ಮೇ

ಹೋದಳು. ಇಪ್ಪತ್ತಾರನೆಯ ತಾರೀಖು ಯಾದಗಿರಿಯ ಆಫೀಸಿನಲ್ಲಿ ವಿಚಾರಣೆ. ಅಲ್ಲಿಯವರೆಗೆ ಅವಳು ಅಂಗಡಿಯೊಳಗೆ ಬರುವಂತಿಲ್ಲ. ಮ್ಯಾನೇಜರ್ ಇಲ್ಲದ ಅಂಗಡಿಯಲ್ಲಿ ಮಾಲಕರೇ ಶಟರ್ ತೆಗೆದಾಗಿನಿಂದ ಮುಚ್ಚುವವರೆಗೆ ಇರಬೇಕು ಎಂದು ಕಂಪನಿ ಹೇಳಿತು. ಇರುತ್ತೇನೆ.

ಬೀಗದ ಕೈ ಕೊಡುವಾಗ ಅವಳು ನನ್ನ ಮುಖ ನೋಡಿಯೇ ಮಾತಾಡಿದಳು.

"ಮೇಡಂ, ನೀವು ಕುಡದಿದ್ದಿಲ್ಲ."

"ಸಹಿ ನೋಡು."

"ಸಹಿ ದಿನಾ ನೋಡೀನಿ. ಮಲ್ಕಪ್ಪಕಾಕಾ ಕುಡಿಯೂದೂ ದಿನಾ ನೋಡೀನಿ."

"ಹಂಗಿದ್ರ ಮೊದಲನೇ ದಿನಾನ ಯಾಕ ಹೇಳಲಿಲ್ಲ?"

"ಹೇಳಿದ್ರ ಅಂಗಡಿ ಬಂದ್ ಆಗ್ತಿತ್ತು. ಮನ್ಯಾಗ ನಾಲ್ಕ ಮಂದಿ ನನ್ನ ಪಗಾರ ಉಣ್ತಾರ." ಟೊಪ್ಪಿಗೆ ತೆಗೆದು ಮಡಚಿ ಮೇಜಿನ ಮೇಲಿಟ್ಟಳು. "ನಾ ಸುಮ್ಮನಿದ್ದದ್ದು ನನ್ನ ತಪ್ಪು. ಅದನ್ನ ಅಲ್ಲಿ ಹೇಳ್ತೀನಿ. ನಿಮ್ಮ ತಪ್ಪು ನೀವು ಹೇಳ್ರಿ."

ಎಂಥ ಸೊಕ್ಕು! ಮನೆಗೆ ಬಂದು ಹೋಳಿಗೆ ಮಾಡಿಸಿದೆ.

ಗುರುವಾರ, 8 ಮೇ

ಹದಿನಾಲ್ಕು ತಾಸು. ಕಾಲು ಬಾತಿವೆ.

ಮಲ್ಕಪ್ಪ ಚಹಾ ಮಾಡಿದ. ಅವನದು ಕುಡಿಯಲು ನನಗೆ ಅಡ್ಡಿಯಿಲ್ಲ, ಕುಡಿದೆ. ತೊಳೆದ ಪಾತ್ರೆಯ ನೀರಿನಂತಿತ್ತು. ಚೆಲ್ಲಿಸಿದೆ. ಮತ್ತೆ ಮಾಡಿದ, ಕಹಿ. ಕಂಪನಿಯ ಅಳತೆಯ ಪಟ್ಟಿ ಓದಿ ನಾನೇ ಮಾಡಿದೆ. ಬಸ್ ಡ್ರೈವರ್ ಒಬ್ಬ ಒಂದು ಗುಟುಕು ಕುಡಿದು ಕಪ್ಪು ಇಟ್ಟ. "ಆ ಅಕ್ಕ ಎಲ್ಲಿ ಹೋಗ್ಯಾಳ್ರಿ?"

"ರಜಾದ ಮ್ಯಾಲ."

"ಲಗೂನ ಕರಸ್ರಿ ಯವ್ವಾ. ಗಾಡಿ ಓಡಿಸಬೇಕು, ನಿದ್ದಿ ಹೋಗವಲ್ದು."

ಗುಲಫಶಾ ಮೂರು ದಿನದಿಂದ ಕೆಲಸದ ಮಾತು ಬಿಟ್ಟು ನನ್ನ ಜೊತೆ ಮಾತಾಡಿಲ್ಲ. ದಾದಿಮಾ ಎನ್ನಬೇಡ ಎಂದು ನಾನೇ ಹೇಳಿದ್ದೆ. ಈಗ ಮೇಡಂ ಎನ್ನುತ್ತಾಳೆ.

ಸೋಮವಾರ, 12 ಮೇ

ಮಲ್ಕಪ್ಪ ಇವತ್ತು ನನ್ನ ಕುರ್ಚಿಯ ಮೇಲೆ ಕೂತಿದ್ದ. ನಾನು ಬಂದರೂ ನಿಧಾನವಾಗಿ ಎದ್ದ.

"ಆ ದಿನ ಹಾಲ ಕುಡದಾಗ ನಿನಗೇನೂ ಅನಸಲಿಲ್ಲೇನ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಅನಸಿತ್ರಿ ಅವ್ವಾರ. ಹುಳಿ ವಾಸನಿ ಬಂದಿತ್ತು. ಒಂದ ಗುಟುಕ ಕುಡದು ಉಳದದ್ದು ಮೋರಿಗಿ ಹಾಕಿದೆ."

"ಹೇಳಬಾರದಾಗಿತ್ತೇನ?"

"ನೀವ ಬೆರಸು ಅಂದಿದ್ರಿ. ನಿಮ್ಮ ಮಾತಿಗಿ ಹುಳಿ ಅಂತ ನಾ ಹ್ಯಾಂಗ ಅನ್ನಲಿ?" ಸ್ವಲ್ಪ ಹತ್ತಿರ ಬಂದು ನಕ್ಕ. "ಹೆದರಬ್ಯಾಡ್ರಿ. ನಾ ಬಾಯಿ ಬಿಡಂಗಿಲ್ಲ."

ಹೆದರಬ್ಯಾಡ್ರಿ! ಮೂವತ್ತು ವರ್ಷ ನನ್ನ ಮುಂದೆ ತಲೆ ಎತ್ತದವನು ನನಗೆ ಧೈರ್ಯ ಹೇಳುತ್ತಾನೆ. ಮೋನಮ್ಮನ ಮಗಳು ಕೈ ತೊಳೆ ಎಂದಾಗ ಮೈ ಉರಿದಿತ್ತು. ಇದು ಉರಿಯಲಿಲ್ಲ, ಜಿಗುಟಾಗಿ ಅಂಟಿಕೊಂಡಿತು. ನಮ್ಮ ಎಮ್ಮೆಗಳಲ್ಲಿ ಯಾವುದರ ಹಾಲು ಯಾವುದು ಎಂದು ನಾನು ಒಂದು ಗುಟುಕಿಗೆ ಹೇಳಬಲ್ಲೆ. ಆ ದಿನ ಒಂದು ಗುಟುಕು ಕುಡಿದಿದ್ದರೆ...

ಬರೆಯಬೇಕಾದ್ದು ಇದಲ್ಲ. ಇನ್ನು ಹದಿನಾಲ್ಕು ದಿನ ಉಳಿದಿವೆ.

ಶುಕ್ರವಾರ, 16 ಮೇ

ಬೆಳಿಗ್ಗೆ ಶಹಾಪುರಕ್ಕೆ ಹೊರಟಾಗ ನಮ್ಮೂರ ಕೆರೆಯ ಹತ್ತಿರ ಜೀಪು ನಿಧಾನವಾಯಿತು. ಉದ್ಯೋಗ ಖಾತ್ರಿ ಕೆಲಸದವರು ಹೂಳು ಹೊರುತ್ತಿದ್ದರು. ಮೋನಮ್ಮ ಸಲಿಕೆ ಹಿಡಿದಿದ್ದಳು, ಪರಿಮಳಾ ಬುಟ್ಟಿ ಹೊತ್ತಿದ್ದಳು. ಅಂಗಡಿಯಲ್ಲಿ ಉಗುರು ಕೂಡ ತಿಕ್ಕಿ ತೊಳೆಯುತ್ತಿದ್ದ ಕೈ ಮೊಣಕೈಯವರೆಗೆ ಕೆಸರಾಗಿತ್ತು.

ಇದನ್ನು ನೋಡಬೇಕೆಂದೇ ಇಷ್ಟು ದಿನ ಆಸೆ ಪಟ್ಟಿದ್ದೆ. ನೋಡಿ ಮನಸ್ಸು ತಣ್ಣಗಾಯಿತು ಎಂದು ಬರೆಯಬೇಕು. ತಲೆ ನೋಯುತ್ತಿದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಮೋನಮ್ಮ ನನ್ನನ್ನು ಕಂಡು ಬಗ್ಗಿ ಕೈ ಮುಗಿದಳು. ಮಗಳು ಬುಟ್ಟಿ ಇಳಿಸಲಿಲ್ಲ.

"ಮೇಡಂ, ಆರೂವರಿ ಆಗ್ಯದ. ಏಳಕ್ಕ ಶಟರ್ ತೆಗೀಬೇಕು. ಇಲ್ಲಿ ನಿಂತ್ರ ಅಲ್ಲಿ ಮಾಲಕರು ಯಾರು?"

ಹೂಳು ಹೊರುವವರೆಲ್ಲ ನಕ್ಕರು. ಡ್ರೈವರನಿಗೆ ನಡಿ ಎಂದೆ. ಏಳಕ್ಕೆ ಎರಡು ನಿಮಿಷ ಇರುವಾಗ ಶಟರ್ ತೆಗೆದೆ.

ಭಾನುವಾರ, 18 ಮೇ

ಸುರಪುರದಲ್ಲಿ ನನ್ನ ಮೈದುನ ಜಗದೇವಪ್ಪನ ಮೊಮ್ಮಗನ ತೊಟ್ಟಿಲ ಕಾರ್ಯ. ಕಂಪನಿಯ ಅಪ್ಪಣೆ ಕೇಳಿ ಅರ್ಧ ದಿನ ಅಂಗಡಿ ಮುಚ್ಚಿ ಹೋದೆ. ಕರಾರಿಗೆ ಜಾಮೀನು ಹಾಕಿದವನು ಜಗದೇವಪ್ಪನೇ. ಆದ್ದರಿಂದ ನನ್ನ ಪತ್ರದ ಪ್ರತಿ ಅವನಿಗೂ ಹೋಗಿದೆ. ತನ್ನ ಅಣ್ಣ, ನಮ್ಮ ಯಜಮಾನರು, ಸತ್ತ ಮೇಲೆ ಹೊಲ ನನ್ನ ಹೆಸರಿಗಾದದ್ದು ಅವನಿಗೆ ಇನ್ನೂ ಅರಗಿಲ್ಲ.

ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ ಶುರು ಮಾಡಿದ. "ನಮ್ಮ ವೈನಿ ಈಗ ಭಾಳ ಸುಧಾರಿಸ್ಯಾರ. ದಿನಾ ಮುಂಜಾನಿ ಮೋನಮ್ಮನ ಮಗಳ ಕೈಲೆ ಚಾ, ಹಾಲು ಎಲ್ಲಾ ಕುಡೀತಾರ. ಕಾಗದದಾಗ ಬರದು ಸಹಿ ಮಾಡ್ಯಾರ."

"ಹೌದೇನ್ರಿ ಅಕ್ಕಾರ?" ಎಂದು ಅವನ ಹೆಂಡತಿ ಬಾಯಿಗೆ ಸೆರಗು ಹಿಡಿದಳು. ನನ್ನ ಪಕ್ಕದಲ್ಲಿ ಕೂತ ಬೀಗಿತ್ತಿ ತನ್ನ ನೀರಿನ ಚೊಂಬನ್ನು ಆಚೆ ಸರಿಸಿಕೊಂಡಳು.

ಒಂದು ಚೊಂಬು. ಅದು ನೆಲದ ಮೇಲೆ ಸರಿದ ಸದ್ದು ಇನ್ನೂ ಕಿವಿಯಲ್ಲಿದೆ. ಇಲ್ಲ, ಕುಡಿದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಚೊಂಬು ತಿರುಗಿ ಬರುತ್ತಿತ್ತು. ಹೇಳಿದರೆ ಆ ಪತ್ರ ಸುಳ್ಳಾಗುತ್ತದೆ, ಅವಳು ಉಳಿದುಕೊಳ್ಳುತ್ತಾಳೆ. ಅವಳನ್ನು ಮುಳುಗಿಸಲು ಅವಳ ಕೈಯಿಂದ ಕುಡಿದವಳು ಎನ್ನಿಸಿಕೊಳ್ಳಬೇಕು. ಶಾವಿಗೆ ಪಾಯಸ ನುಂಗಿ ಸುಮ್ಮನೆ ಎದ್ದು ಬಂದೆ.

ಜಗದೇವಪ್ಪನನ್ನೂ ಲೆಕ್ಕ ತೀರಿಸಬೇಕಾದವರ ಪಟ್ಟಿಗೆ ಸೇರಿಸಿದ್ದೇನೆ. ಆ ಬೀಗಿತ್ತಿಯನ್ನೂ.

ಗುರುವಾರ, 22 ಮೇ

ಗ್ಯಾಸಿನ ಪೈಪು ಬದಲಿಸಿದೆ. ಹೊಸ ಹಾಲಿನವನನ್ನು ಗೊತ್ತು ಮಾಡಿದೆ. ರಾತ್ರಿಯ ಹಾಲು ಎರಡು ಲೀಟರ್ ಉಳಿದಿತ್ತು. ಕರೆಂಟ್ ಎಷ್ಟು ಹೊತ್ತು ಹೋಗಿತ್ತೋ ಗೊತ್ತಾಗಲಿಲ್ಲ. ಚೆಲ್ಲಿಸಿದೆ. ಗುರುವಾರ, ನಡೆಯುತ್ತದೆ. ಶುಕ್ರವಾರವಾಗಿದ್ದರೂ ಚೆಲ್ಲಿಸುತ್ತಿದ್ದೆ ಅನ್ನಿಸುತ್ತದೆ.

ಸೋಮವಾರ, 26 ಮೇ

ಬರೆಯಬೇಕಾದ್ದು ಬಹಳವಿದೆ.

ಯಾದಗಿರಿಯ ಆಫೀಸು ಎರಡನೆಯ ಮಹಡಿಯಲ್ಲಿದೆ. ನಾನು, ಅಂಬ್ರಪ್ಪ, ಜಾಮೀನುದಾರ ಜಗದೇವಪ್ಪ, ಸಾಕ್ಷಿ ಎಂದು ಮಲ್ಕಪ್ಪ ಹೋದೆವು. ಆ ಕಡೆ ಪರಿಮಳಾ, ಮೋನಮ್ಮ. ನನ್ನನ್ನು ಕಂಡು ಮೋನಮ್ಮ ಕುರ್ಚಿಯಿಂದ ಎದ್ದಳು. ಮಗಳು ರಟ್ಟೆ ಹಿಡಿದು ಕೂಡಿಸಿದಳು. "ಕೂಡ ಯವ್ವಾ. ಇದು ಅವರ ಅಂಗಳ ಅಲ್ಲ."

ಕಂಪನಿಯ ತನಿಖೆಯವನ ಹೆಸರು ಶಿವಶರಣ. ಚಿಕ್ಕ ವಯಸ್ಸು, ದೊಡ್ಡ ಕಡತ. ಪರಿಮಳಾ ಮೊದಲು ತನ್ನ ತಪ್ಪು ಹೇಳಿದಳು. ಮಾಲಕರು ಕುಡಿಯದೆ ಸಹಿ ಹಾಕುವುದು ಗೊತ್ತಿದ್ದೂ ತಿಳಿಸಲಿಲ್ಲ ಎಂದಳು. ಆಮೇಲೆ ಅವನು ನನ್ನ ಪತ್ರವನ್ನು ಮುಂದಿಟ್ಟ.

"ಬಸಲಿಂಗಮ್ಮನವರ, ಕುಡದು ನೋಡೀನಿ, ಚೊಲೋ ಇತ್ತು ಅಂತ ನೀವು ಬರದೀರಿ. ಅವರು ಇಲ್ಲ ಅಂತಾರ. ಸಹಿ ನಿಮ್ಮ ಕಡೆ ಅದ. ಇವತ್ತ ಮತ್ತೊಮ್ಮೆ ಹೌದ ಅಂದ್ರಿ ಅಂದ್ರ ಇವರ ಸರ್ಟಿಫಿಕೇಟ್ ರದ್ದು. ಯಾವ ಊರಿನ ಅಂಗಡ್ಯಾಗೂ ಇವರಿಗಿ ಕೆಲಸ ಇಲ್ಲ."

ಇದಕ್ಕಾಗಿಯೇ ಎರಡು ತಿಂಗಳಿಂದ ಕಾದಿದ್ದೆ. ಹೌದು ಎನ್ನಬೇಕು, ಅಷ್ಟೇ. ಬಾಯಿ ತೆರೆದೆ.

ಜಗದೇವಪ್ಪ ಕಾಲ ಮೇಲೆ ಕಾಲು ಹಾಕಿಕೊಂಡ. "ಹೇಳ್ರಿ ವೈನಿ, ನಾಚಗಿ ಯಾಕ? ಇವರ ಕೈಯಾಗಿಂದ ಕುಡದೀನಿ ಅಂತ ಎಲ್ಲಾರ ಮುಂದ ಒಮ್ಮಿ ಹೇಳಿ ಬಿಡ್ರಿ."

ಬಾಗಿಲ ಬಳಿ ಮಲ್ಕಪ್ಪ ಕಿಸಕ್ಕನೆ ನಕ್ಕ.

"ಕುಡದಿಲ್ಲ" ಎಂದೆ. "ಒಂದ ದಿನಾನೂ ಕುಡದಿಲ್ಲ. ಸಹಿ ಸುಳ್ಳು, ಪತ್ರಾನೂ ಸುಳ್ಳು."

"ಯವ್ವಾ!" ಎಂದ ಅಂಬ್ರಪ್ಪ.

ನನ್ನ ಮೈಮೇಲೆ ಬಿದ್ದ ಮಾತನ್ನು ಅಳಿಸಿಕೊಳ್ಳಲು ಅಷ್ಟು ಸಾಕಾಗಿತ್ತು. ಬೀಗಿತ್ತಿಯ ಚೊಂಬಿಗೆ ಅಷ್ಟೇ ಉತ್ತರ. ಆದರೆ ಬಾಯಿ ನಿಲ್ಲಲಿಲ್ಲ. "ಆಕಿ ಹಾಲು ಚೆಲ್ಲು ಅಂದಿದ್ದಳು. ಶುಕ್ರವಾರ ಅಂತ ನಾನ ಬೆರಸಿಸೀನಿ. ಆಕಿಗಿ ಗೊತ್ತಿದ್ದಿಲ್ಲ." ಈ ಎರಡನೆಯ ಮಾತು ಯಾಕೆ ಬಂತೋ ತಿಳಿಯದು. ಮಲ್ಕಪ್ಪ ನಕ್ಕದ್ದಕ್ಕೇ ಇರಬೇಕು. ಅವನ ಹತ್ತಿರ ನನ್ನದೇನೂ ಉಳಿಯಬಾರದಿತ್ತು.

ಜಗದೇವಪ್ಪನ ನಗೆ ಮೊದಲ ಮಾತಿಗೇ ಅರ್ಧವಾಯಿತು, ಎರಡನೆಯದಕ್ಕೆ ಪೂರ್ತಿ ಹೋಯಿತು. ಜಾಮೀನು ಅವನದಲ್ಲವೇ.

ಶಿವಶರಣ ಎರಡೂ ಮಾತನ್ನು ಕಡತದಲ್ಲಿ ಬರೆದುಕೊಂಡ. "ಇದಕ್ಕ ನಾ ಅಂಗಡಿ ಇವತ್ತ ರದ್ದ ಮಾಡಬೇಕು. ನೀವಾಗೇ ಹೇಳಿದ್ರಿ ಅಂತ ಎರಡನೇ ಎಚ್ಚರಿಕಿ ಪತ್ರ ಕೊಟ್ಟು ಬಿಡ್ತೀನಿ. ಆದ್ರ ವಿಚಾರಣಿ ಮುಗೀತು, ಮ್ಯಾನೇಜರ್ ಇಲ್ಲದ ಅಂಗಡಿ ನಾಳಿಂದ ತೆಗಿಯಂಗಿಲ್ಲ. ಕಳಸಾಕ ನನ್ನ ಹತ್ರ ಬ್ಯಾರೆ ಯಾರೂ ಇಲ್ಲ. ಇವರು ವಾಪಸ್ ಬರ್ತೀನಿ ಅಂದ್ರ ನಡೀತದ. ಇಲ್ಲಂದ್ರ ಬೀಗ."

ಎಲ್ಲರೂ ಪರಿಮಳಾಳ ಕಡೆ ತಿರುಗಿದರು. ಅಂಬ್ರಪ್ಪನ ಕಣ್ಣಲ್ಲಿ ನೀರಿತ್ತು. ಹೊಲ ಹೋಗುತ್ತದೆಂದು. ಅವಳು ಅವಸರ ಮಾಡಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಮಾಡುತ್ತಿರಲಿಲ್ಲ.

"ಬ್ಯಾಡ ಮಗಳ" ಎಂದಳು ಮೋನಮ್ಮ ಮೆಲ್ಲಗೆ. ಇಪ್ಪತ್ತು ವರ್ಷದಲ್ಲಿ ಆ ಬಾಯಿಂದ ನನ್ನ ಎದುರು ಬಂದ ಮೊದಲ ಬ್ಯಾಡ.

"ಬರ್ತೀನ್ರಿ ಸರ್" ಎಂದಳು ಮಗಳು. "ಆದ್ರ ಮೇಡಂ ನನ್ನ ಕಣ್ಣ ಮುಂದ ಕುಡೀಬೇಕು. ಕುಡದದ್ದು ಎಷ್ಟು, ಬಿಟ್ಟದ್ದು ಎಷ್ಟು, ಪುಸ್ತಕದಾಗ ನನ್ನ ಕಡೆ ನಾ ಬರೀತೀನಿ. ಕರಾರಿನಾಗ ಇದ್ದದ್ದ ಕೇಳೀನಿ, ಹೊಸಾದೇನಿಲ್ಲ."

ನನ್ನ ಹಗ್ಗವನ್ನೇ ಹಿಡಿದು ನನ್ನ ಕುತ್ತಿಗೆ ಅಳೆದಳು. ಇಷ್ಟು ದಿನ ಮುಖದ ಮೇಲೆ ಏನೂ ತೋರಿಸದೆ ಕಾದಿದ್ದಳು. ಮಗನ ಮುಖ ನೋಡಿ ಆಗಲಿ ಎಂದೆ. ಮಗನ ಸಲುವಾಗಿಯೇ.

ಮಲ್ಕಪ್ಪನನ್ನು ಹೊಲದ ಕೆಲಸಕ್ಕೆ ತಿರುಗಿ ಕಳಿಸಿದ್ದೇನೆ.

ಮಂಗಳವಾರ, 27 ಮೇ

ಕೈ ತೊಳೆದೆ, ಟೊಪ್ಪಿಗೆ ಹಾಕಿಕೊಂಡೆ. ಏಳಕ್ಕೆ ಹತ್ತು ನಿಮಿಷವಿತ್ತು. ಪರಿಮಳಾ ಕಪ್ಪನ್ನು ಮೇಜಿನ ಮೇಲಿಟ್ಟು ಎದುರಿಗೇ ನಿಂತಳು. ಗುಲಫಶಾ ಗಲ್ಲೆ ಬಿಟ್ಟು ಬಂದು ಅವಳ ಹಿಂದೆ ನಿಂತಳು.

ಎತ್ತಿದೆ. ಅತ್ತೆಯ ಮುಖ ನೆನಪಾಯಿತು, ನೆನಪನ್ನು ಆಚೆ ಸರಿಸಿದೆ. ಕುಡಿದೆ.

ಆಕಾಶ ಕಳಚಿ ಬೀಳಲಿಲ್ಲ. ಅವಳ ಮುಖದಲ್ಲಿ ಒಂದು ಸಣ್ಣ ನಗೆ ಬರುತ್ತಿತ್ತು. ಅದು ತುಟಿಗೆ ಬರುವ ಮೊದಲೇ ಹೇಳಿದೆ. "ಸಕ್ಕರಿ ಹೆಚ್ಚಾಗ್ಯದ. ಚೆಲ್ಲು. ಬ್ಯಾರೆ ಮಾಡು."

ನಗೆ ಹೋಯಿತು. ಮತ್ತೆ ಕುದಿಸಿ ತಂದಳು. ಕುಡಿದೆ. "ಶುಂಠಿ ಹಸಿ ಅದ. ನೀರಿನಾಗ ಮೊದಲ ಕುದೀಬೇಕು, ಹಾಲ ಹಾಕಿದ ಮ್ಯಾಲ ಅಲ್ಲ. ಇದನ್ನೂ ಕಲಿಸಿಲ್ಲೇನ ನಿನಗ?"

"ಪಟ್ಟ್ಯಾಗ ಹಾಲ ಹಾಕಿದ ಮ್ಯಾಲ ಅಂತ ಅದ್ರಿ."

"ಪಟ್ಟಿ ಬರದಾವ ಚಾ ಕುಡದಿಲ್ಲ. ನಾ ಕುಡದೀನಿ. ಚೆಲ್ಲು."

ಹೊರಗೆ ಗಿರಾಕಿಗಳು ಶಟರ್ ಬಡಿಯುತ್ತಿದ್ದರು. ಮೂರನೆಯ ಸಲ ಶುಂಠಿಯನ್ನು ನೀರಿನಲ್ಲಿ ಕುದಿಸಿದಳು. ಬೆವರು ಒರೆಸಿಕೊಂಡು ತಂದಿಟ್ಟಳು. ಒಂದು ಗುಟುಕು ಕುಡಿದು ಹುಡುಕಿದೆ. ಎರಡನೆಯದು ಕುಡಿದು ಹುಡುಕಿದೆ. ತಳ ಕಂಡರೂ ಏನೂ ಸಿಗಲಿಲ್ಲ. ಬಾದಾಮಿ ಹಾಲನ್ನೂ ಕುಡಿದು ಸಹಿ ಹಾಕಿದೆ.

ಮೂರು ಸಲ ಕುದಿಸುವಂತೆ ಮಾಡಿದೆ ಅವಳನ್ನು! ಅದೂ ಗುಲಫಶಾಳ ಎದುರಿಗೆ.

ಅವಳು ಪೆನ್ನು ತೆಗೆದುಕೊಂಡು ತನ್ನ ಕಡೆಯ ಅಂಕಣದಲ್ಲಿ ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿಟ್ಟಳು. 'ಮಾಲಕರು ನನ್ನ ಕೈಯಿಂದ ಮೂರು ಕಪ್ಪು ಚಹಾ ಕುಡಿದರು.' ಓದಿದೆ. ಖರೆಯೇ ಇತ್ತು. ಹೊಡೆದು ಹಾಕು ಎನ್ನಲು ಬರಲಿಲ್ಲ.

ನಾಳೆ ಏಲಕ್ಕಿಯಲ್ಲಿ ತಪ್ಪು ಹಿಡಿಯುತ್ತೇನೆ.